ಷರಾ ಬರೆಯುವ ಮುನ್ನ: ಜಾನ್ ಗರ್ಡನ್ ಅವರ ಕಪ್ಪೆಗಳು



ದಾಸವಾಳದ ರೆಂಬೆಯನ್ನು ಮುರಿದು ನೆಟ್ಟರೆ ಗಿಡವಾಗುತ್ತದೆ. ಕಪ್ಪೆಯ ಕರುಳಿನ ಒಂದು ಜೀವಕೋಶದಿಂದ ಇನ್ನೊಂದು ಕಪ್ಪೆ ಹುಟ್ಟೀತೇ? ತದ್ರೂಪು ಸೃಷ್ಟಿಯ ಪಾಠವನ್ನು ಡಾಲಿ ಎಂಬ ಕುರಿಯಿಂದ ಆರಂಭಿಸುವುದು ರೂಢಿ. ಈ ಪ್ರಶ್ನೆಯಿಂದ ಆರಂಭಿಸಬೇಕೆಂದು ನನ್ನ ವಿನಂತಿ. ‘ಕ್ಲೋನ್’ ಎಂಬ ಪದದ ಗ್ರೀಕ್ ಮೂಲಕ್ಕೂ ರೆಂಬೆಯೆಂದೇ ಅರ್ಥ. ಗೊದಮೊಟ್ಟೆಗೆ ನಿಮ್ಮ ಮಕ್ಕಳ ಮನೆಯಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಮೊದಲು ಹಲಗೆಯ ಮೇಲೆ ಬರೆಯಿರಿ.

1952ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಕಿಂಗ್ ಎಳೆಯ ಭ್ರೂಣದ ಕೋಶಕೇಂದ್ರವನ್ನು ಕಪ್ಪೆಯ ಅಂಡಕ್ಕೆ ವರ್ಗಾಯಿಸಿ ಗೊದಮೊಟ್ಟೆಗಳನ್ನು ಪಡೆದಿದ್ದರು. ಭ್ರೂಣದ ವಯಸ್ಸು ಹೆಚ್ಚಿದಂತೆ ಯತ್ನ ವಿಫಲವಾಗುತ್ತಿತ್ತು. ಒಮ್ಮೆ ಕರುಳಾಗಿ ಮಾರ್ಪಟ್ಟ ಕೋಶವು ಉಳಿದ ಸಾಮರ್ಥ್ಯವನ್ನೆಲ್ಲ ಕಳೆದುಕೊಳ್ಳುತ್ತದೆ ಎಂದು ಅನೇಕರು ಭಾವಿಸಿದರು. ಆಕ್ಸ್‌ಫರ್ಡಿನಲ್ಲಿ ಫಿಷ್‌ಬರ್ಗ್ ಅವರ ಶಿಷ್ಯರಾಗಿದ್ದ ಗರ್ಡನ್, ಆಫ್ರಿಕದ ಉಗುರುಗಪ್ಪೆಯ ಅಂಡದ ಕೇಂದ್ರವನ್ನು ನೇರಳಾತೀತ ಕಿರಣಗಳಿಂದ ನಾಶಗೊಳಿಸಿ, ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಅಲ್ಲಿರಿಸಿದರು. ಬಹುಪಾಲು ಅಂಡಗಳು ಕೆಟ್ಟವು. ನೂರಕ್ಕೆ ಒಂದೆರಡು ಮಾತ್ರ ಈಜುವ ಗೊದಮೊಟ್ಟೆಗಳಾದವು. ಅಂಡದ ಸ್ವಂತ ಕೇಂದ್ರವೇ ಅಳಿಯದೆ ಉಳಿದಿದ್ದರೆ? ಈ ಸಂಶಯ ನ್ಯಾಯವಾದದ್ದೇ. ಅದರ ಪರಿಹಾರಕ್ಕೆ, ಎರಡರ ಬದಲು ಒಂದೇ ಕಿರುಕೇಂದ್ರವಿರುವ ತಳಿಯ ಕೋಶಗಳನ್ನು ಬಳಸಿದರು. ಹುಟ್ಟಿದ ಮರಿಯಲ್ಲೂ ಆ ಗುರುತು ಕಂಡಿತು. 1962ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ವಿದ್ವತ್ ಲೋಕ ಕೂಡಲೇ ಒಪ್ಪಲಿಲ್ಲ. 2012ರಲ್ಲಿ ಜಪಾನಿನ ಯಮನಾಕ ಅವರೊಂದಿಗೆ ಗರ್ಡನ್‌ರಿಗೆ ನೊಬೆಲ್ ಬಂದಿತು.

ಈಟನ್ ಶಾಲೆಯಲ್ಲಿ ಇದೇ ಗರ್ಡನ್ ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕೊನೆಯವರು. ವಿಜ್ಞಾನಿಯಾಗಬೇಕೆಂಬ ಇವನ ಆಸೆ ಹಾಸ್ಯಾಸ್ಪದ, ಹೇಳಿದ್ದನ್ನು ಕೇಳದೆ ತನಗೆ ತೋಚಿದಂತೆಯೇ ಮಾಡುತ್ತಾನೆ ಎಂಬ ಅರ್ಥದ ವರದಿಯನ್ನು 1949ರಲ್ಲಿ ಅಧ್ಯಾಪಕರು ಬರೆದರು. ಹುಡುಗ ಗ್ರೀಕ್, ಲ್ಯಾಟಿನ್ ಓದಬೇಕಾಯಿತು. ಪ್ರಾಣಿಶಾಸ್ತ್ರಕ್ಕೆ ಮರಳಿದ್ದು ವಿಶ್ವವಿದ್ಯಾಲಯದಲ್ಲಿ. ಆ ವರದಿಗೆ ಕಟ್ಟು ಹಾಕಿಸಿ ತಮ್ಮ ಮೇಜಿನ ಮೇಲ್ಭಾಗದಲ್ಲಿ ಇರಿಸಿಕೊಂಡಿದ್ದರು.

ಆ ಅಧ್ಯಾಪಕರು ಕಂಡದ್ದು ಸುಳ್ಳಲ್ಲ. ಅಂಕಗಳು ಕಡಿಮೆಯೇ ಇದ್ದವು. ಆದರೆ ಅದೇ ಹುಡುಗ ಶಾಲೆಯಲ್ಲಿ ಕಂಬಳಿಹುಳುಗಳನ್ನು ಸಾಕುತ್ತಿದ್ದ. ಆ ಸಂಗತಿ ವರದಿಯ ಲೆಕ್ಕಕ್ಕೆ ಬರಲಿಲ್ಲ.

ನೀವು ತಂದಿರುವ ಪ್ರಗತಿಪತ್ರಗಳನ್ನು ಮಧ್ಯಾಹ್ನದ ಅವಧಿಯಲ್ಲಿ ತೆರೆಯೋಣ. ಷರಾ ಅಂಕಣದಲ್ಲಿ ‘ಮಾತು ಕೇಳುವುದಿಲ್ಲ’ ಎಂದಿರುವಲ್ಲೆಲ್ಲ, ಆ ಮಗು ಆಗ ಏನು ಮಾಡುತ್ತಿತ್ತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.