ಕೋವಿಡ್ ನಂತರದ ಸುಸ್ತು: ವ್ಯಾಯಾಮ ಎಷ್ಟು, ಹೇಗೆ?
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಕಾಲುಬಾಯಿ ಜ್ವರ ವಾಸಿಯಾದ ಎತ್ತನ್ನು ಮರುದಿನವೇ ನೇಗಿಲಿಗೆ ಹೂಡುತ್ತೀರಾ? ಇಲ್ಲ. ಹುಣ್ಣು ಮಾಯ್ದರೂ ಕೆಲವು ರಾಸುಗಳು ಬಿಸಿಲಿಗೆ ಏದುಸಿರು ಬಿಡುತ್ತವೆ. ಮನುಷ್ಯರೂ ಹಾಗೆಯೇ. ಕೋವಿಡ್ ತಗುಲಿ 3 ತಿಂಗಳಾದರೂ ಕೆಲವರಿಗೆ ಸುಸ್ತು, ಉಸಿರಾಟದ ತೊಂದರೆ, ಮರೆವು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿಯೇ ಇದನ್ನು ಒಂದು ಕಾಯಿಲೆಯೆಂದು ಗುರುತಿಸಿದೆ. ಇದು ಸೋಮಾರಿತನವಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದರೂ ಚೇತರಿಸಿಕೊಳ್ಳದ 585 ಜನರ ಅಧ್ಯಯನ ನಡೆಯಿತು. ತಜ್ಞರ ನಿಗಾದಲ್ಲಿ 8 ವಾರ ವ್ಯಾಯಾಮ ಮಾಡಿ, ಮನೋಧೈರ್ಯದ ಸಲಹೆಯನ್ನೂ ಪಡೆದವರ ಬದುಕು, ಮಾಮೂಲಿ ಸಲಹೆ ಪಡೆದವರಿಗಿಂತ ವರ್ಷದ ನಂತರವೂ ಸ್ವಲ್ಪ ಸುಧಾರಿಸಿತ್ತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಆದರೆ ಎಲ್ಲರಿಗೂ ಒಂದೇ ಅಳತೆ ಸಲ್ಲದು. ಕೆಲವರಿಗೆ ಶ್ರಮಪಟ್ಟ ಮರುದಿನವೋ ಮೂರನೆಯ ದಿನವೋ ಸುಸ್ತು ಉಲ್ಬಣಿಸಿ ಹಾಸಿಗೆ ಹಿಡಿಸುತ್ತದೆ. ಅಂಥವರನ್ನು ದಿನೇ ದಿನೇ ಹೆಚ್ಚು ದುಡಿಸಿದರೆ ಹಾನಿ. ಶಕ್ತಿ ಇರುವಷ್ಟೇ ಕೆಲಸ, ನಡುನಡುವೆ ವಿಶ್ರಾಂತಿ ಅವರಿಗೆ ಸೂಕ್ತ.

ಆದ್ದರಿಂದ ಮೊದಲು ವೈದ್ಯರಲ್ಲಿ ಹೃದಯ, ಶ್ವಾಸಕೋಶ ಪರೀಕ್ಷಿಸಿಕೊಳ್ಳಿ. ಅವರು ಒಪ್ಪಿದರೆ, ಮಾತನಾಡುತ್ತಾ ನಡೆಯಬಲ್ಲಷ್ಟು ಮಾತ್ರ ನಡೆಯಿರಿ. ಮುಂದಿನ ಎರಡು ದಿನ ಮೈ ಹೇಗಿದೆಯೆಂದು ನೋಡಿಕೊಂಡೇ ಹೆಚ್ಚಿಸಿರಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಹುಲ್ಲಿನ ಹೊರೆ, ಹಾಲಿನ ಕ್ಯಾನುಗಳನ್ನು ಮನೆಯ ಉಳಿದವರು ಹೊರಲಿ.

ರಾಸುಗಳಿಗೆ ತೋರುವ ತಾಳ್ಮೆಯನ್ನು ಮನೆಯವರಿಗೂ ತೋರೋಣ.