ಹೊಸ ಶಾಲೆ, ಹಳೇ ಮಗ್ಗಿ
(ಕುಟುಂಬ ಕೂಟದಲ್ಲಿ ಆಡಿದ ಮಾತುಗಳು)



ನಾನು ಭಾಷಣ ಮಾಡುವವನಲ್ಲ. ಎಸಿ ಮೆಕ್ಯಾನಿಕ್ ಆಗಿ ದೋಹಾಕ್ಕೆ ಬಂದು ಈಗ ಸೂಪರ್‌ವೈಸರ್ ಆಗಿದ್ದೀನಿ. ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸುವ ಬಗ್ಗೆ ಎರಡು ಮಾತಾಡಿ ಅಂದ್ರು. ನಾನು ಮಾಡಿದ ತಪ್ಪನ್ನೇ ಹೇಳ್ತೀನಿ, ನಿಮಗಾದರೂ ಉಪಯೋಗ ಆಗಲಿ.

ಎಂಟು ವರ್ಷ ಒಬ್ಬನೇ ಇದ್ದೆ. ಮಗಳಿಗೆ ನಾನು ರಜೆಗೆ ಬರುವ ಅಪ್ಪ, ಅಷ್ಟೇ. ಫ್ಯಾಮಿಲಿ ವೀಸಾ ಆದಾಗ ಅವಳು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸ್ ಮುಗಿಸಿದ್ದಳು. ನಲಿ-ಕಲಿ ಗೊತ್ತಲ್ಲ, ಗುಂಪಾಗಿ ಕೂತು, ಕಾರ್ಡ್ ಹಿಡಿದು, ಹಾಡಿಕೊಂಡು ಕಲಿಯೋದು. ಅಲ್ಲಿಂದ ಸೀದಾ ಸಿಬಿಎಸ್‌ಇ ಇಂಗ್ಲಿಷ್ ಕ್ಲಾಸಿಗೆ.

ಇಲ್ಲಿನ ಇಂಡಿಯನ್ ಶಾಲೆಗಳಲ್ಲಿ ಏಪ್ರಿಲ್‌ಗೇ ಹೊಸ ವರ್ಷ ಶುರು. ಟಿಸಿ, ಅಟೆಸ್ಟೇಷನ್, ಕ್ಯೂಐಡಿ ಅಂತ ಓಡಾಡಿ ಸೇರಿಸುವಷ್ಟರಲ್ಲಿ ಮೇ ಮುಗಿಯುತ್ತಾ ಬಂದಿತ್ತು. ಒಬ್ಬಳು ಗೆಳತಿ ಸಿಗುವ ಮೊದಲೇ ಬೇಸಿಗೆ ರಜೆ ಬಂತು. ಹೊರಗೆ 45 ಡಿಗ್ರಿ. ಮಗು ಎಲ್ಲಿ ಆಡಬೇಕು? ಎರಡು ತಿಂಗಳು ಫ್ಲಾಟಿನೊಳಗೇ ಕಳೆದಳು.

ಆಗ ನಾನು, "ಇನ್ಮೇಲೆ ಮನೇಲೂ ಇಂಗ್ಲಿಷೇ ಮಾತಾಡಬೇಕು" ಅಂತ ಕಟ್ಟಪ್ಪಣೆ ಮಾಡಿದೆ. ನನಗೇ ಬರೋದು ಸೈಟ್ ಇಂಗ್ಲಿಷ್! ಶಾಲೆಯಲ್ಲಿ ಮೊದಲೇ ಬಾಯಿ ಬಿಡದವಳು ಮನೆಯಲ್ಲೂ ಮಾತು ನಿಲ್ಲಿಸಿದಳು. ಸೆಪ್ಟೆಂಬರ್‌ನಲ್ಲಿ ಟೀಚರ್ ಕರೆಸಿ, "ಲೆಕ್ಕ ಏನೂ ಬರಲ್ಲ, ಒಂದು ಕ್ಲಾಸ್ ಹಿಂದಕ್ಕೆ ಹಾಕೋದು ವಾಸಿ" ಅಂದ್ರು. ನನ್ನ ಎದೆ ಧಸಕ್ಕೆಂದಿತು.

ಅವತ್ತು ರಾತ್ರಿ ಎಂಟಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಹತ್ತೂವರೆ. ನಮ್ಮಮ್ಮ ಮೊಮ್ಮಗಳನ್ನು ಸುಮ್ಮನೆ ಕೇಳಿದ್ರು, "ಏಳೆಂಟ್ಲ ಎಷ್ಟು ಪುಟ್ಟಿ?"

"ಐವತ್ತಾರು ಅಜ್ಜಿ!"

ಹನ್ನೆರಡರ ಮಗ್ಗಿವರೆಗೂ ನಿಲ್ಲದೆ ಹೇಳಿದಳು. ಅವಳಿಗೆ ಲೆಕ್ಕ ಬರುತ್ತಿತ್ತು. ಪ್ರಶ್ನೆ ಅರ್ಥ ಆಗುತ್ತಿರಲಿಲ್ಲ.

ಮಾರನೇ ದಿನ ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಗುಣಾಕಾರ, ಬಲಕ್ಕೆ ಮಲ್ಟಿಪ್ಲಿಕೇಷನ್. ಎಡಕ್ಕೆ ಶೇಷ, ಬಲಕ್ಕೆ ರಿಮೈಂಡರ್. ದಿನಕ್ಕೆ ಐದೇ ಪದ. ಡ್ಯೂಟಿ ಮುಗಿಸಿ ಬಂದು ನಾನೂ ಕೂತು ಕಲಿತೆ. ಆ ಪುಸ್ತಕವನ್ನು ಟೀಚರ್‌ಗೆ ತೋರಿಸಿದೆ. ಅವರು ಕೇರಳದವರು. "ನಾನೂ ಮಲಯಾಳಂ ಮೀಡಿಯಂನಲ್ಲೇ ಓದಿದವಳು. ವರ್ಷದ ಕೊನೆಯವರೆಗೂ ನೋಡೋಣ" ಅಂದ್ರು. ಮಗಳು ಅದೇ ಕ್ಲಾಸಲ್ಲಿ ಪಾಸಾದಳು. ಫಸ್ಟ್ ಏನೂ ಬರಲಿಲ್ಲ. ಆದರೆ ಬಸ್ಸಿಂದ ಇಳಿಯುವಾಗ ಯಾರಿಗೋ ಕೈ ಬೀಸುತ್ತಾಳೆ. ನನಗೆ ಅದು ಸಾಕು.

ಕರೆಸಿಕೊಳ್ಳುವವರಿಗೆ ನಾನು ಹೇಳೋದು ಇಷ್ಟು. ಆದಷ್ಟು ಏಪ್ರಿಲ್‌ಗೆ ಮೊದಲೇ ಕರೆಸಿ. ಟಿಸಿ ಕೆಲಸ ಊರಲ್ಲಿರುವಾಗಲೇ ಮುಗಿಸಿ. ಮಗುವಿನ ಹಳೇ ಕನ್ನಡ ಪಠ್ಯಪುಸ್ತಕ ಸೂಟ್‌ಕೇಸಿನಲ್ಲಿರಲಿ, ಉಪ್ಪಿನಕಾಯಿ ಒಂದು ಕೆಜಿ ಕಮ್ಮಿಯಾದರೂ ಪರವಾಗಿಲ್ಲ. ಶಾಲೆ ಶುರುವಾಗೋದು ಭಾನುವಾರ, ಹಿಂದಿನ ವಾರವೇ ಟೀಚರ್‌ಗೆ ಕನ್ನಡ ಮಾಧ್ಯಮದ ಮಗು ಅಂತ ಹೇಳಿ. ಮನೆಯ ಮಾತು ಮಾತ್ರ ಬದಲಿಸಬೇಡಿ. ಮಗು ಅಳುವುದೂ ದೂರು ಹೇಳುವುದೂ ಆ ಮಾತಿನಲ್ಲೇ.

ಸಂಘದವರಲ್ಲಿ ಒಂದು ಬೇಡಿಕೆ. ಯಾವ ಮಗು ಯಾವ ಶಾಲೆ, ಯಾವ ಬಸ್ಸು ಅಂತ ಒಂದು ಪಟ್ಟಿ ಮಾಡೋಣ. ಹೊಸದಾಗಿ ಬಂದ ಮಗುವಿಗೆ ಮೊದಲ ದಿನ ಬಸ್ಸಲ್ಲಿ "ಬಾ, ಇಲ್ಲಿ ಕೂತ್ಕೋ" ಅನ್ನೋರು ಒಬ್ಬರಿದ್ದರೆ ಸಾಕು. ಪಟ್ಟಿಯಲ್ಲಿ ಮೊದಲು ನನ್ನ ಮಗಳ ಹೆಸರು ಬರ್ಕೊಳ್ಳಿ. ಅವಳನ್ನು ಕೇಳಿಯೇ ಹೇಳ್ತಿದ್ದೀನಿ.