ತಾರಸಿ ಯಾರದು?



ಸೌರಫಲಕ ಹೇಗೆ ಕೆಲಸ ಮಾಡುತ್ತದೆ ಎಂದು ದೆಹಲಿ ಕನ್ನಡಿಗರೂ ಎಂಜಿನಿಯರುಗಳೂ ಸೇರಿರುವ ಈ ಸಭೆಗೆ ಹೇಳಬೇಕಾಗಿಲ್ಲ. ನನ್ನನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ದೆಹಲಿಯಲ್ಲಿ ಬಿಸಿಲಿಗೂ ಬರವಿಲ್ಲ, ಸರ್ಕಾರಿ ಯೋಜನೆಗಳಿಗೂ ಬರವಿಲ್ಲ. ಬರ ಇರುವುದು ತಾರಸಿಗೆ.

ಸೂರ್ಯನನ್ನು ಮನೆಗೆಲಸಕ್ಕೆ ಹಚ್ಚುವ ಆಸೆ ಈ ಊರಿಗೆ ಹೊಸದಲ್ಲ. 1950ರ ದಶಕದ ಆರಂಭದಲ್ಲಿ, ಕೆ.ಎಸ್. ಕೃಷ್ಣನ್ ನಿರ್ದೇಶಕರಾಗಿದ್ದಾಗ, ಇಲ್ಲಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಎಂ.ಎಲ್. ಘಾಯ್ ಅವರು ನಿಮ್ನ ಕನ್ನಡಿಯ ಸೌರ ಒಲೆ ರೂಪಿಸಿದರು. ಅದು ಮಾರುಕಟ್ಟೆಗೂ ಬಂತು, ಆದರೆ ಮನೆಗಳಲ್ಲಿ ನೆಲೆಯೂರಲಿಲ್ಲ. ಸೂರ್ಯ ಸರಿದಂತೆಲ್ಲ ಒಲೆಯನ್ನು ತಿರುಗಿಸುತ್ತ ಬಯಲಲ್ಲಿ ನಿಲ್ಲಬೇಕಿತ್ತು. ನಮ್ಮ ಅಡುಗೆಯಾದರೋ ಬೆಳಗ್ಗೆ ಮತ್ತು ರಾತ್ರಿ, ಮನೆಯೊಳಗೆ. ವಿಜ್ಞಾನ ಸರಿಯಾಗಿತ್ತು. ಮನೆಯವರು ಬದುಕುವ ರೀತಿ ಲೆಕ್ಕಕ್ಕೆ ಬಂದಿರಲಿಲ್ಲ. ಇಂದೂ ಅದೇ ಆಗುತ್ತಿದೆ ಎಂಬುದು ನನ್ನ ಆತಂಕ.

ಲೆಕ್ಕ ನೋಡಿ. ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಸಾಕು. ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ದೆಹಲಿ ಸರ್ಕಾರ 2025ರಲ್ಲಿ ಅದಕ್ಕೆ ಇನ್ನೂ 30,000 ಸೇರಿಸಿತು. 2024ರ ಮಾರ್ಚ್‌ನಲ್ಲಿ ಪ್ರಕಟವಾದ ದೆಹಲಿ ಸೌರನೀತಿಯಂತೆ, ಮೂರು ಕಿಲೋವ್ಯಾಟ್‌ವರೆಗಿನ ಘಟಕ ಉತ್ಪಾದಿಸುವ ಪ್ರತಿ ಯೂನಿಟ್‌ಗೆ ಐದು ವರ್ಷ ಮೂರು ರೂಪಾಯಿ ಪ್ರೋತ್ಸಾಹಧನ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆದು ಸೊನ್ನೆ ಬಿಲ್ ಕಾಣುವ ಮನೆಗೂ ಇದು ಆದಾಯವೇ. ಸ್ವಂತ ತಾರಸಿ ಇರುವವರು ಹಿಂಜರಿಯಲು ಕಾರಣವೇ ಇಲ್ಲ.

ಆದರೆ ಸ್ವಂತ ತಾರಸಿ ಎಷ್ಟು ಜನಕ್ಕಿದೆ? ಮಹಡಿಗೊಂದು ಮನೆಯಂತೆ ಮಾರುವ ನಾಲ್ಕು ಮಹಡಿಯ ಬಿಲ್ಡರ್ ಫ್ಲೋರ್‌ಗಳಲ್ಲಿ ತಾರಸಿಯ ಹಕ್ಕು ಎಷ್ಟೋ ಕಡೆ ಮೇಲಿನ ಮನೆಯವರ ಕ್ರಯಪತ್ರಕ್ಕೆ ಸೇರಿಹೋಗಿರುತ್ತದೆ. ಕೆಳಗಿನವರಿಗೆ ಅಲ್ಲಿ ಇರುವುದು ನೀರಿನ ಟ್ಯಾಂಕಿನ ಜಾಗ ಮಾತ್ರ. ಮಯೂರ್ ವಿಹಾರದ ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಫ್ಲಾಟುಗಳಲ್ಲಿ, ದ್ವಾರಕಾ, ಪಟ್ಪರ್‌ಗಂಜ್‌ನ ಸಹಕಾರಿ ವಸತಿ ಸಂಘಗಳಲ್ಲಿ ಹತ್ತಾರು ಸಂಸಾರಗಳ ತಲೆಯ ಮೇಲೆ ಒಂದೇ ತಾರಸಿ. ಬಾಡಿಗೆದಾರರ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಕೆಲಸದ ಮೇಲೆ ದೆಹಲಿಗೆ ಬಂದ ನಮ್ಮವರಲ್ಲಿ ಬಾಡಿಗೆಮನೆಯವರೇ ಎಷ್ಟು ಮಂದಿ, ಈ ಸಭೆಯಲ್ಲೇ ಕೈಯೆತ್ತಿಸಿ ನೋಡಬಹುದು.

ದಾರಿ ಇಲ್ಲವೆಂದಲ್ಲ. ಎಲ್ಲೋ ಒಂದೆಡೆ ನಿಂತ ಘಟಕದ ಯೂನಿಟ್‌ಗಳನ್ನು ಪಾಲುದಾರರ ಬಿಲ್ಲುಗಳಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕೇಂದ್ರದ ಯೋಜನೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಕೊಡುತ್ತದೆ. ನಿಯಮವಿದೆ, ಹಣವಿದೆ, ನೆರೆಹೊರೆಯವರ ನಡುವಿನ ಒಪ್ಪಂದವಿಲ್ಲ. ಶುಚಿ ಮಾಡುವವರು ಯಾರು, ಚಾವಣಿ ಸೋರಿದರೆ ರಿಪೇರಿ ಯಾರದು, ಮನೆ ಮಾರಿದರೆ ಪಾಲು ಏನಾಗುತ್ತದೆ? ಸಂಘದ ಸಭೆಗಳು ಇಂಥ ಪ್ರಶ್ನೆಗಳಲ್ಲೇ ನಿಂತುಬಿಡುತ್ತವೆ. ಅವು ಕ್ಷುಲ್ಲಕವಲ್ಲ, ನ್ಯಾಯವಾದ ಪ್ರಶ್ನೆಗಳು.

ನಮ್ಮ ಕರ್ನಾಟಕದ ಒಂದು ಅನುಭವ ಇಲ್ಲಿ ಉಪಯೋಗಕ್ಕೆ ಬಂದೀತು. ಹರೀಶ್ ಹಂದೆಯವರು 1995ರಲ್ಲಿ ಸೌರದೀಪಗಳ ಸಂಸ್ಥೆ ಸೆಲ್ಕೊ ಶುರುಮಾಡಿದಾಗ ಹಳ್ಳಿಯ ಬಡವರಿಗೆ ಸೌರದೀಪ ದುಬಾರಿ ಎಂಬುದೇ ಎಲ್ಲರ ನಂಬಿಕೆ. ಅವರ ಸಂಸ್ಥೆ ದೀಪದಷ್ಟೇ ಶ್ರಮವನ್ನು ಬ್ಯಾಂಕ್ ಸಾಲದ ಮೇಲೂ ಹಾಕಿತು, ಕಂತನ್ನು ದುಡಿಮೆಯ ಲಯಕ್ಕೆ ಹೊಂದಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯಲ್ಲಿ ಕಂತು ಬಿಡಿಸಿದ ಗಂಟನ್ನು ದೆಹಲಿಯಲ್ಲಿ ಕರಾರುಪತ್ರ ಬಿಡಿಸಬೇಕಾಗಿದೆ.

ಮಾರಾಟಗಾರರು ಹೇಳದ ಸಂಗತಿಗಳನ್ನೂ ಜನರಿಗೆ ತಿಳಿಸೋಣ. ಫಲಕ 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೂ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಮೇ ತಿಂಗಳ ಉರಿಬಿಸಿಲನ್ನು ನೋಡಿ ಅಷ್ಟೇ ದೊಡ್ಡ ಇಳುವರಿ ನಿರೀಕ್ಷಿಸಬಾರದು. ದೂಳು, ಹೊಗೆಮಂಜುಗಳ ಕಾಟ ಬೇರೆ. ಬ್ಯಾಟರಿಯಿಲ್ಲದ ಘಟಕ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಜೀವ ಕಾಯಲು ಅದು ಹಾಗೆ ನಿಲ್ಲಲೇಬೇಕು. ಮೊದಲೇ ಹೇಳಿದರೆ ಆಮೇಲೆ ಯಾರೂ ಮೋಸಹೋದೆವು ಎನ್ನುವುದಿಲ್ಲ.

ಈ ಮಿತಿಗಳಿದ್ದರೂ ತಾರಸಿಯ ವಿದ್ಯುತ್ ಬೇಕೇ ಬೇಕು. 2024ರ ಜೂನ್ 19ರ ಮಧ್ಯಾಹ್ನ ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿತು. ಏಸಿಗಳು ಓಡುವ ಆ ಹೊತ್ತು ತಾರಸಿಗಳೂ ದುಡಿಯುವ ಹೊತ್ತು. ಆದ್ದರಿಂದ ಈ ಗೋಷ್ಠಿಯಲ್ಲಿ ಎಂಜಿನಿಯರುಗಳ ಜೊತೆ ವಕೀಲರೂ ಸಂಘಗಳ ಕಾರ್ಯದರ್ಶಿಗಳೂ ಕೂತು ಮೂರು ಕರಡುಗಳನ್ನು ಬರೆಯಲಿ ಎಂಬುದು ನನ್ನ ಕೋರಿಕೆ: ವಸತಿ ಸಂಘದ ಮಹಾಸಭೆಗೆ ಒಂದು ನಿರ್ಣಯ, ಮೇಲಿನ ಮನೆಯವರ ಮತ್ತು ಕೆಳಗಿನವರ ನಡುವೆ ಒಂದು ಕರಾರು, ಬಾಡಿಗೆದಾರರು ಮನೆ ಬದಲಿಸಿದರೂ ಪಾಲು ಉಳಿಸಿಕೊಳ್ಳುವಂಥ ಒಂದು ಒಪ್ಪಂದ. ಮೂರನೆಯದು ಕಷ್ಟದ್ದು. ಅದನ್ನೇ ಮೊದಲು ಕೈಗೆತ್ತಿಕೊಳ್ಳಿ.